ರಾತ್ರಿಯ ಹುಡುಕಾಟಕ್ಕೆ ಲೋಹಶೋಧಕದ ಮೇಲೊಂದು ದೀಪ

ಪ್ರಶ್ನೆ: ಬಿಸಿಲು ತಪ್ಪಿಸಿಕೊಳ್ಳಲು ನಾನು ಲೋಹಶೋಧಕವನ್ನು ರಾತ್ರಿ ಬಳಸುತ್ತೇನೆ. ನೆಲ ಕಾಣಲೆಂದು 12 ವೋಲ್ಟಿನ ಎಲ್‌ಇಡಿ ಪಟ್ಟಿಯನ್ನು ನೆಲದ ಮೇಲೆ ಬೀಸುವ ತಟ್ಟೆಯ, ಅಂದರೆ ಕಾಯಿಲ್‌ನ ಅಂಚಿಗೆ ಸುತ್ತಲೂ ಅಂಟಿಸಿ, ಒಂದು ಲಿಥಿಯಂ ಸೆಲ್ಲಿನ ವೋಲ್ಟೇಜನ್ನು ಬೂಸ್ಟ್ ಮಾಡ್ಯೂಲಿನಿಂದ ಏರಿಸಿ ಅದಕ್ಕೆ ಕೊಟ್ಟಿದ್ದೇನೆ. ಬೆಳಕೇನೋ ಚೆನ್ನಾಗಿದೆ. ಆದರೆ ಅಂದಿನಿಂದ ಉಪಕರಣ ವಿನಾಕಾರಣ ಕೂಗುತ್ತದೆ. ಮೊದಲು ಸಿಗುತ್ತಿದ್ದ ಆಳದಲ್ಲಿ ನಾಣ್ಯಗಳೂ ಸಿಗುತ್ತಿಲ್ಲ. ದೀಪವನ್ನು ಉಳಿಸಿಕೊಂಡೇ ಇದನ್ನು ಸರಿಪಡಿಸಬಹುದೇ?

ಉತ್ತರ: ದೀಪವನ್ನು ಉಳಿಸಿಕೊಳ್ಳಬಹುದು, ಆದರೆ ಆ ಪಟ್ಟಿಯನ್ನೂ ಬೂಸ್ಟ್ ಮಾಡ್ಯೂಲನ್ನೂ ಬಿಡಬೇಕಾಗುತ್ತದೆ. ನಿಮ್ಮ ವ್ಯವಸ್ಥೆಯಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಒಟ್ಟಿಗೆ ಸೇರಿರುವಂತೆ ಕಾಣುತ್ತದೆ, ಅವನ್ನು ಬೇರ್ಪಡಿಸಿ ನೋಡುವುದು ಸುಲಭ. ವಿದ್ಯುತ್ ತಂತಿಗಳಿಂದ ದೂರವಿರುವ ಬಯಲಿನಲ್ಲಿ ಕಾಯಿಲನ್ನು ನೆಲದಿಂದ ಮೇಲೆತ್ತಿ, ಅಲುಗಾಡಿಸದೆ ಹಿಡಿದುಕೊಂಡು ದೀಪವನ್ನು ಹಾಕಿ, ಆರಿಸಿ ನೋಡಿ. ದೀಪ ಉರಿಯುವಾಗ ಮಾತ್ರ ಸದ್ದು ಬಂದರೆ ಅದಕ್ಕೆ ಬೂಸ್ಟ್ ಮಾಡ್ಯೂಲು ಹೊರಡಿಸುವ ವಿದ್ಯುತ್ ಗದ್ದಲ ಕಾರಣ. ದೀಪ ಆರಿದ್ದಾಗಲೂ, ಕಾಯಿಲನ್ನು ಬೀಸಿದಂತೆಲ್ಲ ಕೂಗಿದರೆ ಅದಕ್ಕೆ ಪಟ್ಟಿಯಲ್ಲಿರುವ ತಾಮ್ರವೇ ಕಾರಣ.

ತಾಮ್ರದ ವಿಷಯವನ್ನು ಮೊದಲು ನೋಡೋಣ. ಹವ್ಯಾಸಿಗಳು ಬಳಸುವ ಬಹುತೇಕ ಶೋಧಕಗಳಲ್ಲಿ ಕಾಯಿಲ್‌ನ ಒಂದು ಸುರುಳಿ ಕಾಂತಕ್ಷೇತ್ರವನ್ನು ಹೊರಡಿಸುತ್ತದೆ, ಇನ್ನೊಂದು ಸುರುಳಿ ಮಣ್ಣಿನಲ್ಲಿರುವ ಲೋಹದಿಂದ ಮರಳಿ ಬರುವ ಅತಿ ಕ್ಷೀಣ ಸಂಕೇತವನ್ನು ಹಿಡಿಯುತ್ತದೆ. ಮೊದಲನೆಯದರ ನೇರ ಪ್ರಭಾವ ಎರಡನೆಯದರ ಮೇಲೆ ಬೀಳದಂತೆ ಅವೆರಡನ್ನೂ ತಯಾರಿಕೆಯ ಹಂತದಲ್ಲೇ ಬಹಳ ನಾಜೂಕಾಗಿ ಸಮತೋಲನಗೊಳಿಸಿರುತ್ತಾರೆ. ಅಂಚಿನುದ್ದಕ್ಕೂ ತಾಮ್ರದ ಪಟ್ಟಿ ಬಂದು ಕುಳಿತರೆ ಆ ಸಮತೋಲನ ಕೆಡುತ್ತದೆ. ಬೆಳಕು ಎಲ್ಲೆಡೆ ಸಮನಾಗಿರಲೆಂದು ಪಟ್ಟಿಯ ಎರಡು ತುದಿಗಳನ್ನೂ ಬೆಸೆದಿದ್ದರಂತೂ ಅದೊಂದು ಮುಚ್ಚಿದ ತಾಮ್ರದ ಬಳೆಯೇ ಆಗಿ, ಕಾಯಿಲ್ ಹೊರಡಿಸುವ ಶಕ್ತಿಯಲ್ಲಿ ಒಂದು ಪಾಲನ್ನು ತಾನೇ ನುಂಗುತ್ತದೆ. ನಾಣ್ಯಗಳು ಸಿಗದಿರುವುದಕ್ಕೆ ಇದು ಸಾಕು.

ಇನ್ನು ಗದ್ದಲದ ಮಾತು. ಬೂಸ್ಟ್ ಮಾಡ್ಯೂಲು ವಿದ್ಯುತ್ತನ್ನು ಸೆಕೆಂಡಿಗೆ ಹತ್ತಾರು ಸಾವಿರದಿಂದ ಹತ್ತು ಲಕ್ಷಕ್ಕೂ ಹೆಚ್ಚು ಬಾರಿ ಕಡಿದು ಜೋಡಿಸುತ್ತಲೇ ಇರುತ್ತದೆ, ನಿಮ್ಮ ಶೋಧಕವೋ ಸಾಮಾನ್ಯವಾಗಿ 5ರಿಂದ 40 ಕಿಲೋಹರ್ಟ್ಸ್‌ಗಳ ನಡುವೆ ಕಿವಿಗೊಟ್ಟು ಕುಳಿತಿರುತ್ತದೆ; ಮಾಡ್ಯೂಲಿನ ಗದ್ದಲವನ್ನೇ ಅದು ಲೋಹದ ಸಂಕೇತವೆಂದು ತಿಳಿಯುತ್ತದೆ. ಆದ್ದರಿಂದ ದೀಪಕ್ಕೆ ನೇರವಾಗಿ ಸೆಲ್ಲಿನಿಂದ, ಕೇವಲ ಒಂದು ರೆಸಿಸ್ಟರಿನ (ವಿದ್ಯುತ್ತಿನ ಹರಿವನ್ನು ಮಿತಿಗೊಳಿಸುವ ಪುಟ್ಟ ಬಿಡಿಭಾಗ) ಮೂಲಕ, ಏರಿಳಿತವಿಲ್ಲದ ವಿದ್ಯುತ್ತನ್ನು ಕೊಡುವುದೇ ಸರಿಯಾದ ದಾರಿ. ಬೆಳಕನ್ನು ಹೆಚ್ಚುಕಡಿಮೆ ಮಾಡುವ ಡಿಮ್ಮರುಗಳಲ್ಲೂ ಹೆಚ್ಚಿನವು ಇದೇ ರೀತಿ ಕಡಿಯುವಂಥವು, ಅವೂ ಬೇಡ.

ಮೂರು ಎಎಎ ಸೆಲ್ಲುಗಳು 4.5 ವೋಲ್ಟ್ ಕೊಡುತ್ತವೆ. 5 ಮಿಲಿಮೀಟರಿನ ಬಿಳಿ ಎಲ್‌ಇಡಿ ಸುಮಾರು 3.1 ವೋಲ್ಟ್ ಬಳಸುತ್ತದೆ. ಉಳಿದ 1.4 ವೋಲ್ಟನ್ನು ದೀಪದಲ್ಲಿ ಹರಿಯಬೇಕಾದ 0.02 ಆಂಪಿಯರಿನಿಂದ ಭಾಗಿಸಿದರೆ 70 ಓಮ್ ಬರುತ್ತದೆ; ಅಂಗಡಿಯಲ್ಲಿ ಸಿಗುವ 82 ಓಮ್ ಹಾಕಿದರೆ ಪ್ರತಿ ದೀಪಕ್ಕೆ 17 ಮಿಲಿಆಂಪಿಯರ್ ಹರಿಯುತ್ತದೆ. ಕಾಲು ವ್ಯಾಟಿನ ರೆಸಿಸ್ಟರ್ ಧಾರಾಳವಾಯಿತು. ಇಂಥ ನಾಲ್ಕು ದೀಪಗಳಿದ್ದರೆ ನೆಲ ನೋಡಲು ಸಾಕು, ಆದರೆ ಪ್ರತಿಯೊಂದಕ್ಕೂ ಅದರದೇ ರೆಸಿಸ್ಟರ್ ಇರಲೇಬೇಕು, ಇಲ್ಲದಿದ್ದರೆ ಒಂದು ದೀಪ ಹೆಚ್ಚು ವಿದ್ಯುತ್ತನ್ನು ಎಳೆದುಕೊಂಡು ಬೇಗ ಸುಟ್ಟುಹೋಗುತ್ತದೆ. ಉದ್ದನೆಯ ಕಾಲು ಧನಾಗ್ರ. 1 ವ್ಯಾಟಿನ ಪ್ರಖರ ಎಲ್‌ಇಡಿಯ ಆಸೆ ಬೇಡ: ಅದರ ಬಿಸಿಯನ್ನು ಹೊರಹಾಕಲು ಅಲ್ಯೂಮಿನಿಯಂ ತುಂಡೊಂದು ಬೇಕು, ಶೋಧಕಕ್ಕೆ ಅಲ್ಯೂಮಿನಿಯಮ್ಮೂ ಲೋಹವೇ.

ದೀಪದ ಜಾಗ ಕೋಲಿನ ಮೇಲ್ಭಾಗ, ಕಂಟ್ರೋಲ್ ಪೆಟ್ಟಿಗೆಯ ಕೆಳಗೆ. ಕಾಯಿಲ್‌ನ ವ್ಯಾಸದ ಎರಡರಷ್ಟು ದೂರವನ್ನು ಬಿಟ್ಟುಕೊಂಡರೆ ಒಳ್ಳೆಯದು. 28 ಸೆಂಟಿಮೀಟರಿನ ಕಾಯಿಲಿಗೆ ಇದು ಸುಮಾರು 55 ಸೆಂಟಿಮೀಟರ್ ಆಗುತ್ತದೆ. ಬಹಳಷ್ಟು ಶೋಧಕಗಳಲ್ಲಿ ಕೋಲಿನ ಕೆಳತುಂಡು ಪ್ಲಾಸ್ಟಿಕ್ಕಿನದೋ ಫೈಬರಿನದೋ ಆಗಿರುವುದೂ ಕಾಯಿಲಿನ ಬಳಿ ಲೋಹ ಇರಬಾರದೆಂದೇ. ಸೆಲ್ಲುಗಳ ಕವಚ ಉಕ್ಕಿನದಾದ್ದರಿಂದ ಅವುಗಳ ಡಬ್ಬಿಯನ್ನು ಇನ್ನೂ ಮೇಲೆ, ಮೊಣಕೈ ಆಸರೆಯ ಹತ್ತಿರ ಕಟ್ಟಿ. ಎರಡು ತಂತಿಗಳನ್ನೂ ಒಂದಕ್ಕೊಂದು ಹೊಸೆದು, ಕಾಯಿಲಿನ ಕೇಬಲ್ಲಿಗೆ ತಾಗದಂತೆ ಕೋಲಿನ ಇನ್ನೊಂದು ಬದಿಯಲ್ಲಿ ಬಿಗಿಯಾಗಿ ಕಟ್ಟಬೇಕು. ಜೋತಾಡುವ ತಂತಿ ಪ್ರತಿ ಬೀಸಿಗೂ ಸುಳ್ಳು ಸಂಕೇತ ಕೊಡಬಹುದು. ಬೆಸುಗೆಗಳ ಮೇಲೆ ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ ಹಾಕಿದರೆ ಇಬ್ಬನಿಯ ಭಯವಿಲ್ಲ.

ಈ ಜಾಗದಿಂದ ಬೆಳಕು ಕಡಿಮೆಯಾದೀತು ಎಂದು ನಿಮಗನ್ನಿಸಬಹುದು. ವಾಸ್ತವದಲ್ಲಿ ಓರೆಯಾಗಿ ಬೀಳುವ ಬೆಳಕಿನಲ್ಲಿ ಪ್ರತಿ ಹರಳಿಗೂ ಹೆಂಟೆಗೂ ನೆರಳು ಮೂಡುವುದರಿಂದ, ಅಗೆದ ಮಣ್ಣಿನಲ್ಲಿ ನಾಣ್ಯದ ಅಂಚನ್ನು ಗುರುತಿಸುವುದು ಸುಲಭವಾಗುತ್ತದೆ. ಹಣೆಗೆ ಕಟ್ಟುವ ದೀಪದಲ್ಲಿ ಬೆಳಕೂ ನೋಟವೂ ಒಂದೇ ದಿಕ್ಕಿನಿಂದ ಬರುವುದರಿಂದ ನೆರಳುಗಳೆಲ್ಲ ವಸ್ತುವಿನ ಹಿಂದೆ ಅಡಗಿ ನೆಲ ಚಪ್ಪಟೆಯಾಗಿ ಕಾಣುತ್ತದೆ.

ಪ್ರಶ್ನೆ: ಶೋಧಕದ ಬ್ಯಾಟರಿಯಿಂದಲೇ ದೀಪಕ್ಕೂ ತಂತಿ ಎಳೆಯಬಹುದೇ?

ಉತ್ತರ: ಬೇಡ. ದೀಪದ ತಂತಿಗಳು ಹಿಡಿದ ಗದ್ದಲ ನೇರವಾಗಿ ಶೋಧಕದ ಸರ್ಕೀಟಿಗೆ ಸೇರಬಹುದು, ಬ್ಯಾಟರಿಯೂ ಬೇಗ ಖಾಲಿಯಾಗುತ್ತದೆ, ಪೆಟ್ಟಿಗೆ ಬಿಚ್ಚಿದರೆ ವಾರಂಟಿಯೂ ಹೋದೀತು.

ಪ್ರಶ್ನೆ: ಕೆಂಪು ಎಲ್‌ಇಡಿ ಹಾಕಿದರೆ ಕಣ್ಣಿಗೆ ಒಳ್ಳೆಯದೆನ್ನುತ್ತಾರೆ, ನಿಜವೇ?

ಉತ್ತರ: ನಡೆದಾಡುವಾಗ ನಿಜ. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು, ಮಂದ ಕೆಂಪು ಬೆಳಕು ಆ ಹೊಂದಿಕೆಯನ್ನು ಅಷ್ಟಾಗಿ ಕೆಡಿಸುವುದಿಲ್ಲ. ಆದರೆ ಅಗೆಯುವಾಗ ಕೆಂಪು ಬೆಳಕಿನಲ್ಲಿ ತಾಮ್ರದ ನಾಣ್ಯಕ್ಕೂ ಮಣ್ಣಿನ ಹೆಂಟೆಗೂ ವ್ಯತ್ಯಾಸ ತಿಳಿಯುವುದಿಲ್ಲ. ಹೀಗಾಗಿ ಎರಡು ದಿಕ್ಕಿನ ಸ್ವಿಚ್ಚೊಂದನ್ನು ಹಾಕಿ, ಒಂದು ಬದಿಗೆ ಬಿಳಿ ದೀಪಗಳನ್ನೂ ಇನ್ನೊಂದು ಬದಿಗೆ ಕೆಂಪು ದೀಪವನ್ನೂ ಜೋಡಿಸಿಕೊಳ್ಳಿ. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಸಾಕಾಗುವುದರಿಂದ ಅದರ ರೆಸಿಸ್ಟರ್ 150 ಓಮ್ ಇರಲಿ.