ನಾಲ್ಕು ಗಂಟೆಗೆ ಮನೆಯಲ್ಲಿ ಯಾರಿರುತ್ತಾರೆ?

ಮಗುವಿಗೆ ಅದರದ್ದೇ ಒಂದು ಟ್ಯಾಬ್ ಕೊಡಿಸಬೇಕೋ ಬೇಡವೋ ಎಂದು ಜಗಳವಾಡಿಕೊಂಡು ಬರುವ ದಂಪತಿಗಳು ಕೋವಿಡ್ ನಂತರ ಆಪ್ತಸಮಾಲೋಚಕಿಯಾದ ನನ್ನ ಬಳಿ ಹೆಚ್ಚಾಗಿದ್ದಾರೆ. 2020ರ ಜೂನ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಚಿಕ್ಕ ಮಕ್ಕಳಿಗೆ ಆನ್‌ಲೈನ್ ತರಗತಿ ಬೇಡ ಎಂದಿತು. ಜುಲೈನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಸರ್ಕಾರ, ಕೋರ್ಟು, ಶಾಲೆ ತೀರ್ಮಾನಕ್ಕೆ ಬರುವಷ್ಟರಲ್ಲಿ ಎಷ್ಟೋ ಮನೆಗಳಿಗೆ, ಕೆಲವು ಕಡೆ ಸಾಲ ಮಾಡಿಯಾದರೂ, ಪರದೆ ಬಂದು ಕೂತಿತ್ತು. ಶಾಲೆ ತೆರೆದ ಮೇಲೆ ಮಕ್ಕಳು ಶಾಲೆಗೆ ಹೋದರು, ಪರದೆ ಮನೆಯಲ್ಲೇ ಉಳಿಯಿತು.

ಈಗ ಬರುವವರು ಗೂಗಲ್ ಮಾಡಿಕೊಂಡೇ ಬರುತ್ತಾರೆ. ಗಂಡನ ಬಳಿ ಒಂದು ಪ್ರಿಂಟ್‌ಔಟ್, ಹೆಂಡತಿಯ ಬಳಿ ಇನ್ನೊಂದು. ನಾನು ತೀರ್ಪು ಕೊಟ್ಟರೆ ಸಾಕು ಎಂಬ ಮುಖ ಇಬ್ಬರದ್ದೂ. ಅಂಥ ಒಂದು ಮನೆಯ ವಿಷಯ ಇಲ್ಲಿ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಬರೆಯಲು ಅವರೆಲ್ಲರೂ ಒಪ್ಪಿದ್ದಾರೆ, ಅಜ್ಜಿಯೂ ಸೇರಿದಂತೆ.

ಬೆಂಗಳೂರಿನ ಅಪಾರ್ಟ್‌ಮೆಂಟ್. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವವರು. ಯುಕೆಜಿ ಓದುವ ಐದೂವರೆ ವರ್ಷದ ಮಗ. ಅವನನ್ನು ನೋಡಿಕೊಳ್ಳಲೆಂದು ತಿಪಟೂರು ಕಡೆಯಿಂದ ಬಂದು ನಿಂತಿರುವ ಗಂಡನ ತಾಯಿ. ದುಬೈಯಲ್ಲಿರುವ ಚಿಕ್ಕಪ್ಪ ಹುಟ್ಟುಹಬ್ಬಕ್ಕೆ ಟ್ಯಾಬ್ ಕಳಿಸಿ, ವಿಡಿಯೊ ಕಾಲ್‌ನಲ್ಲಿ, "ಇದು ನಿಂದೇ ಕಣೋ ಪುಟ್ಟ, ಯಾರಿಗೂ ಕೊಡ್ಬೇಡ" ಅಂದುಬಿಟ್ಟಿದ್ದ. ಡಬ್ಬ ಬೀರುವಿನ ಮೇಲೆ ಹೋಯಿತು. ಬೆಳಗ್ಗೆ ಎದ್ದ ತಕ್ಷಣ ಹುಡುಗ ಕುರ್ಚಿ ಎಳೆದುಕೊಂಡು ಬಂದು ಬೀರುವಿನ ಕೆಳಗೆ ನಿಲ್ಲುತ್ತಿದ್ದ, ಗಂಡ ಹೆಂಡತಿಯ ಜಗಳ ಅಲ್ಲಿಂದಲೇ ಶುರುವಾಗುತ್ತಿತ್ತು.

ಗಂಡ ಖಡಾಖಂಡಿತವಾಗಿ ಬೇಡ ಎನ್ನುವವರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ "ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ" ಎಂಬ ಸಾಲಿಗೆ ಅಡಿಗೆರೆ ಎಳೆದು ತಂದಿದ್ದರು. ಅದು ಎರಡರಿಂದ ನಾಲ್ಕು ವರ್ಷದ ಮಕ್ಕಳ ಬಗ್ಗೆ, ಇವರ ಮಗ ಐದು ದಾಟಿದ್ದಾನೆ. ಹೆಂಡತಿ ಹಿಡಿದಿದ್ದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ 2021ರ ಮಾರ್ಗಸೂಚಿ: ಎರಡರ ಒಳಗೆ ನೆಂಟರ ವಿಡಿಯೊ ಕಾಲ್ ಬಿಟ್ಟು ಬೇರೇನೂ ಬೇಡ, ಎರಡರಿಂದ ಐದರವರೆಗೆ ಒಂದು ಗಂಟೆ, ಐದರಿಂದ ಹತ್ತರವರೆಗೆ ಎರಡು ಗಂಟೆಯ ಒಳಗೆ. ಅಂದರೆ ಕಾಗದದ ಮೇಲೆ ಆಕೆ ಗೆದ್ದ ಹಾಗೆ. ಈ ಅಂಕಿಗಳ ಬಗ್ಗೆ ನನಗೆ ಗೌರವವಿದೆ, ವೈದ್ಯರು ಸುಮ್ಮನೆ ಬರೆದದ್ದಲ್ಲ. ಆದರೆ ಗಂಡ ಹೆಂಡತಿ ಒಬ್ಬರಿಗೊಬ್ಬರು ಎಸೆಯುವ ಕಲ್ಲಾಗಿ ಅವನ್ನು ಬಳಸುವಾಗ ಮಗುವಿನ ವಿಷಯ ಹಿಂದೆ ಸರಿದಿರುತ್ತದೆ. ಮೊದಲ ಎರಡು ಭೇಟಿ ಹೀಗೇ ಕಳೆದವು.

ಆ ಎರಡು ಸಲವೂ ಅಜ್ಜಿ ಮೊಮ್ಮಗನನ್ನು ಕಟ್ಟಿಕೊಂಡು ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಬಾಗಿಲು ತೆರೆದಾಗ ಕಾಣುತ್ತಿತ್ತು: ಅಜ್ಜಿಯ ಫೋನ್ ಹುಡುಗನ ಕೈಯಲ್ಲಿ, ಅಜ್ಜಿಯ ಕಣ್ಣು ಗೋಡೆಯ ಮೇಲೆ. ಮೂರನೇ ಸಲ ಅವರನ್ನೇ ಒಳಗೆ ಕರೆದೆ. ಹುಡುಗನಿಗೆ ಬಣ್ಣದ ಪೆನ್ಸಿಲ್ ಕೊಟ್ಟು ನನ್ನ ಸಹಾಯಕಿಯ ಜೊತೆ ಕೂರಿಸಿದ್ದಾಯಿತು.

ಅಜ್ಜಿ ಸೆರಗು ಹೊದ್ದು, ಕುರ್ಚಿಯ ಅಂಚಿಗೆ ಕೂತರು. "ನಂದೇನೈತಮ್ಮ ಇದ್ರಲ್ಲಿ, ಅವರವರ ಮಗ" ಅಂದರು. ನೀವು ಹೇಳಿ, ಟ್ಯಾಬ್ ಕೊಡಬೇಕಾ ಬೇಡವಾ ಎಂದೆ.

"ನನ್ನ ಕೇಳಿದ್ರೆ ಕೊಟ್ಬಿಡಿ ಅಂತೀನಿ."

ಮಗ ತಿರುಗಿ ನೋಡಿದರು. ತಾಯಿ ತನ್ನ ಪಕ್ಷ ಎಂದೇ ಅವರು ತಿಳಿದಿದ್ದರು. "ಅಮ್ಮ, ನೀನೂನಾ?"

"ನನ್ನ ಫೋನು ನನಗೆ ಬೇಕು ಕಣಪ್ಪ. ನಾಕು ಗಂಟೆಗೆ ನಿಮ್ಮ ಚಿಕ್ಕಮ್ಮ ಊರಿಂದ ಫೋನ್ ಮಾಡ್ತಾಳೆ. ಇವ್ನು ಕಾರ್ಟೂನ್ ನಿಂತೋಯ್ತದೆ ಅಂತ ಕಟ್ ಮಾಡ್ತಾನೆ. ಅವಳು, ಬೆಂಗ್ಳೂರಿಗೋದ್ಮೇಲೆ ತಂಗಿ ಬೇಡವಾಗವ್ಳೆ ಅಂತ ಊರೆಲ್ಲ ಹೇಳ್ಕೊಂಡು ಬತ್ತಾವ್ಳೆ."

ಸೊಸೆ ಮೆಲ್ಲಗೆ ಕೇಳಿದರು: "ಅತ್ತೆ, ದಿನಾ ಒಂದು ಗಂಟೆ ಮಾತ್ರ ಅಂದಿದ್ರಲ್ಲ?"

"ನೀವು ಒಂದು ಗಂಟೆ ಕೊಡಿ ಅಂದ್ರಿ. ನಾನೂ ಒಂದು ಗಂಟೆ ಕೊಟ್ಟೆ ಅಂದೆ."

ಆಮೇಲೆ ಕೇಳಿ ಕೇಳಿ ಆ ಮಧ್ಯಾಹ್ನವನ್ನು ಹೊರತೆಗೆದೆ. ಶಾಲೆಯ ವ್ಯಾನು ಬಿಡುವುದು ಮೂರಕ್ಕೆ ಸ್ವಲ್ಪ ಮೊದಲು. ಊಟ ಮಾಡಿಸಲು ಫೋನ್. ಮಲಗುವ ವಯಸ್ಸು ಮೀರಿದೆ, ಮಲಗುವುದಿಲ್ಲ. ಸೊಸೆ ಬರುವುದು ಆರೂವರೆಗೆ, ಮಗ ಬರುವುದು ಒಂಬತ್ತಕ್ಕೆ. ಆರೂವರೆಯವರೆಗೆ ಅಜ್ಜಿ ಮೊಮ್ಮಗ ಇಬ್ಬರೇ. ಕೆಳಗೆ ಆಟದ ಜಾಗ ಇದೆಯಲ್ಲ ಎಂದು ಮಗ ನಡುವೆ ಬಾಯಿ ಹಾಕಿದರು. ಅಜ್ಜಿಗೆ ಸಿಟ್ಟು ಬಂದಿದ್ದು ಆಗಲೇ.

"ಕೆಳಗೆ ಬಿಟ್ರೆ ಗೇಟ್ ತಾವ ಓಡ್ತಾನೆ. ನನ್ನ ಮಂಡಿಗೆ ಅವ್ನ ಹಿಂದೆ ಓಡಕ್ಕಾಯ್ತದಾ? ಅವ್ನ ಮೈ ಮೇಲೆ ಒಂದು ಗೀರು ಬಿದ್ರೆ ನೀನು ರಾತ್ರಿ ಬಂದು ಯಾರನ್ನ ಕೇಳ್ತೀಯ? ಫೋನ್ ಕೊಟ್ರೆ ಕೂತಿರ್ತಾನೆ. ಕೂತಿದ್ರೆ ಬೀಳಲ್ಲ."

ಮಗ, "ಇದನ್ನೆಲ್ಲ ಇಷ್ಟು ದಿನ ಯಾಕಮ್ಮ ಹೇಳಲಿಲ್ಲ?" ಎಂದು ದನಿ ಏರಿಸಿದರು. ಇಲ್ಲಿ ನಾನು ತಡೆದೆ. ಇಂಥ ಸಂದರ್ಭದಲ್ಲಿ ಅಜ್ಜಿ ಎರಡೇ ನಿಮಿಷದಲ್ಲಿ ಅಪರಾಧಿಯಾಗಿಬಿಡುತ್ತಾರೆ, ಗಂಡ ಹೆಂಡತಿ ಒಂದಾಗಿಬಿಡುತ್ತಾರೆ. ಆ ರಾಜಿ ನೋಡಲು ಚಂದ, ಮನೆಗೆ ಒಳ್ಳೆಯದಲ್ಲ. ನಾನು ಅವರನ್ನೇ ಕೇಳಿದೆ: "ಬೇಡ ಅಂತ ನೀವು ಹೇಳ್ತೀರಲ್ಲ, ನಾಲ್ಕು ಗಂಟೆಗೆ ಅದನ್ನ ಹುಡುಗನಿಗೆ ಹೇಳೋರು ಯಾರು?"

ಅವರು ಹೆಂಡತಿಯತ್ತ ನೋಡಿದರು. ಆಕೆ ಕತ್ತು ಅಲ್ಲಾಡಿಸಿದರು, ಆಕೆಯೂ ಆಗ ಆಫೀಸಿನಲ್ಲಿರುತ್ತಾರೆ. ಕೊನೆಗೆ, "ಅಮ್ಮನೇ ಹೇಳ್ಬೇಕು" ಎಂದರು.

ನನ್ನ ನಂಬಿಕೆ ಇಲ್ಲಿದೆ, ಬಿಡಿಸಿಯೇ ಹೇಳುತ್ತೇನೆ. ಬೇಡ ಎಂದು ನಿರ್ಧರಿಸುವವರು ಆ ಬೇಡದ ಹೊತ್ತಿನಲ್ಲಿ ಮನೆಯಲ್ಲಿರಬೇಕು, ಇಲ್ಲವೇ ಆ ಹೊತ್ತನ್ನು ಹೊರುವವರಿಗೆ ಕೈಯಾಸರೆ ಮಾಡಿಕೊಡಬೇಕು. ಒಂಬತ್ತಕ್ಕೆ ಮನೆಗೆ ಬಂದು ಮಾರ್ಗಸೂಚಿ ಓದುವುದು ಸುಲಭ. ಹಾಗೆಯೇ "ಒಳ್ಳೆಯ ಆ್ಯಪ್ ಹಾಕಿ ಕೊಟ್ಟರೆ ಕಲಿಯುತ್ತಾನೆ" ಎನ್ನುವುದೂ ಆರೂವರೆಗೆ ಬರುವವರ ಮಾತೇ. ಈ ಇಬ್ಬರ ಜಗಳದಲ್ಲಿ ಟ್ಯಾಬ್ ಇನ್ನೂ ಡಬ್ಬದಲ್ಲಿತ್ತು, ಹುಡುಗ ಮಾತ್ರ ದಿನಕ್ಕೆ ಮೂರು ಗಂಟೆ ಪರದೆಯ ಮುಂದಿದ್ದ.

ಅದೂ ಎಂಥ ಪರದೆ! ಅಜ್ಜಿಯ ಖಾತೆ, ಅಜ್ಜಿಯ ವಯಸ್ಸು. ಕಾರ್ಟೂನಿನ ನಡುವೆ ಮಂಡಿನೋವಿನ ಎಣ್ಣೆಯ ಜಾಹೀರಾತು, ಅದು ಮುಗಿದರೆ ತಾನೇ ಶುರುವಾಗುವ ಮುಂದಿನ ವಿಡಿಯೊ, ಅದರಾಚೆ ಕ್ರೈಮ್ ಸುದ್ದಿ. ಮಕ್ಕಳಿಗೆಂದೇ ಇರುವ ಯಾವ ಬೇಲಿಯೂ ಅಲ್ಲಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟರ ಒಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ. ಆದರೆ ನೋಡುತ್ತಿರುವುದು ಮಗು ಎಂದು ಆ ಫೋನಿಗೆ ಗೊತ್ತೇ ಇಲ್ಲದಿದ್ದರೆ ಕಾಯ್ದೆ ಏನು ಮಾಡೀತು? ಇದಕ್ಕಿಂತ ಮಗುವಿಗೆಂದೇ ಹೊಂದಿಸಿದ ಪರದೆ ಮೇಲು ಎಂಬ ಒಂದು ವಿಷಯದಲ್ಲಿ ಹೆಂಡತಿಯ ವಾದ ಸರಿಯಾಗಿತ್ತು, ಅದನ್ನು ಅವರೆದುರೇ ಹೇಳಿದೆ.

ನಾನು ಕೊಟ್ಟ ಸಲಹೆ ಹೀಗಿತ್ತು. ಮೊದಲು ಟ್ಯಾಬ್ ಮಾತು ಬದಿಗಿಡಿ, ಮೂರರಿಂದ ಆರೂವರೆಯವರೆಗಿನ ಹೊತ್ತಿಗೆ ವ್ಯವಸ್ಥೆ ಮಾಡಿ. ಗಂಡನ ಕಂಪನಿಯಲ್ಲಿ ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡಬಹುದಿತ್ತು, ಅವರು ಬಳಸಿಕೊಂಡೇ ಇರಲಿಲ್ಲ. ಆ ಎರಡು ದಿನ ನಾಲ್ಕೂವರೆಯಿಂದ ಒಂದು ಗಂಟೆ ಹುಡುಗನನ್ನು ಅವರೇ ಕೆಳಗೆ ಕರೆದೊಯ್ಯಬೇಕು. ಉಳಿದ ದಿನಕ್ಕೆ ಅದೇ ಕಟ್ಟಡದಲ್ಲಿರುವ ಕಾಲೇಜು ಹುಡುಗಿಯೊಬ್ಬಳನ್ನು ಸಂಬಳ ಕೊಟ್ಟು ಗೊತ್ತುಮಾಡಿ. ಹಿಂದೆ ಓಡುವುದು ಅವಳ ಕೆಲಸ, ಅಜ್ಜಿ ಬೆಂಚಿನ ಮೇಲೆ ಕೂತು ತಂಗಿಯ ಜೊತೆ ಮಾತಾಡಲಿ. ಅಜ್ಜಿಯ ಫೋನು ಅಜ್ಜಿಗೆ, ಅದರ ಲಾಕ್ ನಂಬರ್ ಅವರಿಗೊಬ್ಬರಿಗೇ ಗೊತ್ತಿರಲಿ.

ಇದನ್ನು ಶನಿವಾರ ಶುರುಮಾಡಿ ಎಂದೆ, ಸೋಮವಾರವಲ್ಲ. ಅತ್ತರೆ ಸಿಗುತ್ತಿದ್ದದ್ದು ಸಿಗದೆ ಹೋದಾಗ ಮಗು ಅಳು ಬಿಡುವುದಿಲ್ಲ, ಮೊದಲು ಇನ್ನೂ ಜೋರು ಮಾಡುತ್ತದೆ. ಅರ್ಧ ಗಂಟೆ ತಡೆದು ಆಮೇಲೆ ಕೊಟ್ಟರೆ, ಅರ್ಧ ಗಂಟೆ ಅತ್ತರೆ ಸಿಗುತ್ತದೆ ಎಂದು ಕಲಿಯುತ್ತದೆ. ಆ ಜೋರಿನ ದಿನಗಳು ಅಪ್ಪ ಅಮ್ಮನ ಪಾಲಿಗೇ ಬರಲಿ, ಅಜ್ಜಿಯ ಪಾಲಿಗಲ್ಲ.

ಟ್ಯಾಬ್ ಡಬ್ಬದಿಂದ ತೆಗೆಯಿರಿ, ಆದರೆ ಅದು ಮನೆಯದ್ದು. ಹಾಲ್‌ನ ಶೆಲ್ಫಿನಲ್ಲಿರಲಿ, ಚಾರ್ಜರ್ ಅಲ್ಲೇ, ಪಾಸ್‌ವರ್ಡ್ ದೊಡ್ಡವರ ಹತ್ತಿರ. ಮಕ್ಕಳ ಖಾತೆ ಹಾಕಿ, ಆಟೊಪ್ಲೇ ತೆಗೆಯಿರಿ. ಇಯರ್‌ಫೋನ್ ಬೇಡ, ಏನು ನೋಡುತ್ತಿದ್ದಾನೆಂದು ಅಡುಗೆಮನೆಗೂ ಕೇಳಿಸಲಿ. ಎರಡು ಕಥೆ ಮೊದಲೇ ಡೌನ್‌ಲೋಡ್ ಮಾಡಿ ವೈಫೈ ಆರಿಸಿ ಕೊಟ್ಟರೆ ಅದಕ್ಕೊಂದು ಕೊನೆ ಇರುತ್ತದೆ. ಮುಗಿಸಿದವರು ಅಮ್ಮ ಅಂತಾಗುವುದಿಲ್ಲ, ಕಥೆ ಮುಗಿಯಿತು ಅಂತಾಗುತ್ತದೆ. ಊಟದ ಹೊತ್ತಿಗೂ ಮಲಗುವ ಮುನ್ನಿನ ಒಂದು ಗಂಟೆಯಲ್ಲೂ ಪರದೆ ಬೇಡ.

ಅವನದ್ದೇ ಅಂತ ಯಾಕೆ ಕೊಡಬಾರದು ಎಂದು ಹೆಂಡತಿ ಕೇಳಿದರು, ಚಿಕ್ಕಪ್ಪ ಪ್ರೀತಿಯಿಂದ ಕೊಟ್ಟದ್ದಲ್ಲವೇ. ಅವನ ಸೈಕಲ್ ಅವನದ್ದು. ಅದನ್ನು ನೀವು ಕಿತ್ತುಕೊಳ್ಳುವುದು ತಪ್ಪು ಮಾಡಿದಾಗ ಮಾತ್ರ. ಟ್ಯಾಬನ್ನಾದರೆ ಏನೂ ತಪ್ಪು ಮಾಡದಿದ್ದರೂ ಪ್ರತಿದಿನ ವಾಪಸ್ ತೆಗೆದುಕೊಳ್ಳಬೇಕು. ತನ್ನದನ್ನು ದಿನಾ ಕಿತ್ತುಕೊಳ್ಳುತ್ತಾರೆ ಎಂದು ಐದು ವರ್ಷದ ಮಗುವಿಗೆ ಅನ್ನಿಸಿದರೆ ಅದು ಹಟವಲ್ಲ, ನ್ಯಾಯವಾದ ದೂರು. ಹಾಗಾಗಿ ಚಿಕ್ಕಪ್ಪನೇ ಮತ್ತೆ ಫೋನ್ ಮಾಡಿ "ಇದು ಮನೆಯವರಿಗೆಲ್ಲ" ಎಂದು ಹೇಳಬೇಕು, ಅಪ್ಪ ಹೇಳಿದರೆ ಸಾಲದು. ಚಿಕ್ಕಪ್ಪ ಸ್ವಲ್ಪ ಮುನಿಸಿಕೊಂಡರಂತೆ. ಮುನಿಸಿಕೊಳ್ಳಲಿ, ದೊಡ್ಡವರು, ತಡೆದುಕೊಳ್ಳುತ್ತಾರೆ.

ಈ ಸಲಹೆಗೆ ಎರಡು ಕಡೆಯಿಂದ ಆಕ್ಷೇಪ ಬರುತ್ತದೆ. ವೃತ್ತಿಬಾಂಧವರೊಬ್ಬರು, ಡಬ್ಬ ತೆರೆಯಲು ಯಾಕೆ ಬಿಟ್ಟಿರಿ ಎಂದರು. ಮೂರು ಸ್ಮಾರ್ಟ್‌ಫೋನ್ ಓಡಾಡುವ ಮನೆಯಲ್ಲಿ ನಾಲ್ಕನೆಯ ಪರದೆಯನ್ನು ಬೀರುವಿನ ಮೇಲಿಟ್ಟು ನಿಯಮ ಪಾಲಿಸಿದೆವು ಎಂದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಹೊದಿಕೆಯೊಳಗಿನ ಫೋನಿಗಿಂತ ಹಾಲ್‌ನಲ್ಲಿ ಎಲ್ಲರಿಗೂ ಕಾಣುವ ಟ್ಯಾಬ್ ಮೇಲು. ಇನ್ನೊಬ್ಬರು, ಅಜ್ಜಿಗೆ ಮಕ್ಕಳನ್ನು ಆಡಿಸುವ ತರಬೇತಿ ಕೊಡಬಹುದಿತ್ತಲ್ಲ ಎಂದರು. ಎಪ್ಪತ್ತರ ಹತ್ತಿರದ ಹೆಂಗಸು ತೋಟ, ನೆಂಟರು, ತಂಗಿ ಎಲ್ಲ ಬಿಟ್ಟು ಬಂದು ಸಂಬಳವಿಲ್ಲದೆ ಮಗು ಕಾಯುತ್ತಿದ್ದಾರೆ. ಅವರ ಮೇಲೆ ಇನ್ನೊಂದು ಪಾಠ ಹೇರುವುದು ನನ್ನ ಕೈಯಲ್ಲಾಗದು.

ಒಂದು ಮಾತು ಓದುಗರಿಗೆ. ಈ ಹುಡುಗ ಚೆನ್ನಾಗಿ ಮಾತಾಡುತ್ತಿದ್ದ, ನಿದ್ದೆ ಸರಿಯಿತ್ತು, ಶಾಲೆಯಲ್ಲಿ ಗೆಳೆಯರಿದ್ದರು. ನಿಮ್ಮ ಮಗುವಿಗೆ ಮಾತು ತಡವಾಗಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ, ಪರದೆ ತೆಗೆದಾಗ ತನಗೇ ಹೊಡೆದುಕೊಳ್ಳುತ್ತಿದ್ದರೆ, ಇಂಥ ಲೇಖನ ಓದುತ್ತಾ ಕೂರಬೇಡಿ, ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ. ಸ್ವಲ್ಪ ದೊಡ್ಡ ಮಕ್ಕಳು ಊಟ, ನಿದ್ದೆ, ಶಾಲೆ ಬಿಟ್ಟು ಪರದೆಗೆ ಅಂಟಿಕೊಂಡಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಅದಕ್ಕೆಂದೇ ಶಟ್ ಕ್ಲಿನಿಕ್ ನಡೆಯುತ್ತಿದೆ.

ಕೆಲವು ವಾರದ ನಂತರ ಅವರು ಮತ್ತೆ ಬಂದರು. ಎಲ್ಲವೂ ನಾನು ಹೇಳಿದಂತೆ ನಡೆದಿರಲಿಲ್ಲ. ಅಪ್ಪನ ಎರಡು ದಿನ ಒಂದು ದಿನವಾಗಿತ್ತು, ಆಟದ ಹೊತ್ತಿಗೇ ಮೀಟಿಂಗ್ ಬರುತ್ತದಂತೆ. ಊಟಕ್ಕೆ ಪರದೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಕಾಲೇಜು ಹುಡುಗಿಗೆ ಪರೀಕ್ಷೆ ಹತ್ತಿರ ಬಂದು, ಬೇರೆಯವರನ್ನು ಹುಡುಕುತ್ತಿದ್ದರು. ಅಜ್ಜಿಯ ಫೋನು ಮಾತ್ರ ಅಜ್ಜಿಯ ಬಳಿಯೇ ಇತ್ತು. ಭಾನುವಾರ ಟ್ಯಾಬ್‌ನಲ್ಲಿ ತಂಗಿಯ ಜೊತೆ ವಿಡಿಯೊ ಕಾಲ್ ಮಾಡುತ್ತಾರಂತೆ, ಹುಡುಗನೇ ಹಚ್ಚಿ ಕೊಡುತ್ತಾನಂತೆ. ಬೇಸಿಗೆ ರಜೆಯಲ್ಲಿ ಏನು ಮಾಡುವುದು ಎಂಬ ಪ್ರಶ್ನೆ ಇನ್ನೂ ಬಾಕಿಯಿದೆ, ಅದಕ್ಕೆ ಮುಂದಿನ ತಿಂಗಳು ಬರುತ್ತಾರೆ.

ಟ್ಯಾಬ್ ವಿಷಯಕ್ಕೆ ಅಪಾಯಿಂಟ್‌ಮೆಂಟ್ ಕೇಳುವವರಿಗೆ ನಾನೀಗ ಫೋನಿನಲ್ಲೇ ಹೇಳಿಬಿಡುತ್ತೇನೆ: ಪ್ರಿಂಟ್‌ಔಟ್ ಬೇಡ, ಸಂಜೆ ನಾಲ್ಕಕ್ಕೆ ಮಗುವಿನ ಜೊತೆ ಇರುವವರನ್ನು ಕರೆತನ್ನಿ. "ಅದು ನಮ್ಮ ಮನೆಕೆಲಸದವರು ಮೇಡಂ, ಅವರನ್ನೂ ಕರೆತರಬೇಕಾ?" ಎಂದು ಕೆಲವರು ಕೇಳುತ್ತಾರೆ. ಹೌದು, ಕರೆತನ್ನಿ. ಆ ದಿನದ ಸಂಬಳ ಹಿಡಿಯಬೇಡಿ.