ಚಾಕು ತಾಗಿದರೆ ಹರಡುತ್ತದಾ?

(ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: ಅವರ ಮನೆಯ 9 ವರ್ಷದ ಹೆಣ್ಣು ನಾಯಿ ಚಿನ್ನಿಯ ಹಿಂದಿನ ಮೊಲೆಯಲ್ಲಿ ಅಡಿಕೆ ಗಾತ್ರದ ಗಂಟು ಸಿಕ್ಕಿದೆ. ಡಾಕ್ಟರು ಆಪರೇಷನ್ ಮಾಡಿಸಿ ಅಂತಾರೆ. ಪಕ್ಕದ ಮನೆಯವರು, ಚಾಕು ತಾಗಿದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತದೆ ಅಂತಾರೆ. ಮೊಮ್ಮಕ್ಕಳಿಗೆ ಅಂಟುತ್ತದಾ ಅನ್ನುವ ಭಯವೂ ಇದೆ.)

ಮೊದಲು ಮೊಮ್ಮಕ್ಕಳ ವಿಷಯ. ಅಂಟುವುದಿಲ್ಲ. ಅವರು ಚಿನ್ನಿಯನ್ನು ತಬ್ಬಿಕೊಂಡೇ ಇರಲಿ. ನಾಯಿಯಿಂದ ನಾಯಿಗೆ ದಾಟುವ ಕ್ಯಾನ್ಸರ್ ಒಂದಿದೆ ನಿಜ. ಬೀದಿನಾಯಿಗಳಲ್ಲಿ ಕೂಡುವಾಗ ದಾಟುತ್ತದೆ, ಮರ್ಮಾಂಗದಲ್ಲಿ ಹೂಕೋಸಿನಂಥ ಗಡ್ಡೆ ಬಂದು ರಕ್ತ ತೊಟ್ಟಿಕ್ಕುತ್ತದೆ. ಅದೂ ಮನುಷ್ಯರಿಗೆ ಬರುವುದಿಲ್ಲ. ವಾರಕ್ಕೊಂದರಂತೆ ವಿನ್‌ಕ್ರಿಸ್ಟಿನ್ ಇಂಜೆಕ್ಷನ್ ಕೊಟ್ಟರೆ ಹೆಚ್ಚಿನವು ಪೂರ್ತಿ ವಾಸಿಯಾಗುತ್ತವೆ.

ಈಗ ಚಾಕುವಿನ ಮಾತು. ಈ ನಂಬಿಕೆ ಎಲ್ಲಿಂದ ಬಂತು ಗೊತ್ತಾ? ನಮ್ಮಲ್ಲಿ ಗಂಟು ತೆಂಗಿನಕಾಯಿಯಷ್ಟಾಗಿ, ಒಡೆದು, ನೊಣ ಕೂತ ಮೇಲೆ ನಾಯಿಯನ್ನು ಆಸ್ಪತ್ರೆಗೆ ಒಯ್ಯುತ್ತೇವೆ. ಅಷ್ಟರಲ್ಲಿ ರೋಗ ಶ್ವಾಸಕೋಶ ಸೇರಿರುತ್ತದೆ. ನಾಯಿ ಸಾಯುತ್ತದೆ, ಹೆಸರು ಕೆಡುವುದು ಚಾಕುವಿನದು. ನಾಯಿಗಳ ಮೊಲೆಯ ಗಂಟುಗಳಲ್ಲಿ ಸುಮಾರು ಅರ್ಧ ಮಾತ್ರ ಕ್ಯಾನ್ಸರ್. ಅದೇ ಆಗಿದ್ದರೂ 3 ಸೆಂಟಿಮೀಟರ್ ದಾಟುವ ಮೊದಲೇ ತೆಗೆಸಿದವು ಜಾಸ್ತಿ ದಿನ ಬದುಕುತ್ತವೆ. (ಬೆಕ್ಕು ಸಾಕಿದವರು ಇಷ್ಟು ನಿರಾಳವಾಗಿರಬೇಡಿ. ಬೆಕ್ಕಿನಲ್ಲಿ ಇಂಥ ಗಂಟು ಬಹುಪಾಲು ಕ್ಯಾನ್ಸರೇ.)

"ಚೆನ್ನಾಗಿ ತಿನ್ನುತ್ತಾಳೆ, ಆಡುತ್ತಾಳೆ" ಅಂತ ಬರೆದಿದ್ದೀರಿ. ನಾವೂ ಹಾಗೇ ಮೋಸ ಹೋದವರು. ನಮ್ಮ ನಾಯಿಯ ದವಡೆ ಕೆಳಗೆ ಎರಡೂ ಕಡೆ ಗಂಟು ಬಂದಿತ್ತು. ಹೊಸ ಕೊರಳಪಟ್ಟಿ ಉಜ್ಜಿ ಊದಿದೆ ಅಂದುಕೊಂಡು ಮೂರು ವಾರ ಅರಿಶಿನ ಹಚ್ಚಿದೆವು! ತಟ್ಟೆ ದಿನಾ ಖಾಲಿಯಾಗುತ್ತಿತ್ತು. ಆದರೆ ಒಂದು ಸಂಜೆ ತಲೆ ಸವರುವಾಗ ಹಣೆಯ ಎರಡೂ ಬದಿ ಗುಂಡಿ ಬಿದ್ದಿದ್ದು ಕೈಗೆ ಸಿಕ್ಕಿತು. ತಿಂದರೂ ಮೈಯ ಮಾಂಸವನ್ನು ರೋಗ ತಿನ್ನುತ್ತಿತ್ತು. ಯಾರೋ ಕೊಟ್ಟ ಸ್ಟೀರಾಯ್ಡ್ ಮಾತ್ರೆಗೆ ಗಂಟು ಇಳಿದಾಗ ಕುಣಿದಾಡಿದ್ದೆವು. ಅದು ಲಿಂಫೋಮಾ, ಬಿಳಿ ರಕ್ತಕಣಗಳಲ್ಲಿ ಹುಟ್ಟುವ ಕ್ಯಾನ್ಸರ್. ಪರೀಕ್ಷೆಗೆ ಮುಂಚೆ ಸ್ಟೀರಾಯ್ಡ್ ಕೊಟ್ಟರೆ ಆಮೇಲಿನ ಕೀಮೋ (ಕ್ಯಾನ್ಸರಿನ ಔಷಧಿ) ಸರಿಯಾಗಿ ಹಿಡಿಯುವುದಿಲ್ಲ ಅನ್ನುವುದು ನಮಗೆ ತಡವಾಗಿ ತಿಳಿಯಿತು.

ಅದಕ್ಕೇ ಹೇಳುತ್ತೇನೆ, ತೂಕ ನೋಡಿ. ಚಿನ್ನಿಯನ್ನು ಎತ್ತಿಕೊಂಡು ತಕ್ಕಡಿ ಮೇಲೆ ನಿಲ್ಲಿ, ನಿಮ್ಮ ತೂಕ ಕಳೆಯಿರಿ, ಕ್ಯಾಲೆಂಡರಿನಲ್ಲಿ ಬರೆದಿಡಿ. ಅಂಗಾತ ಮಲಗಿಸಿ ಹತ್ತೂ ಮೊಲೆ ಮುಟ್ಟಿ ನೋಡಿ, ಇನ್ನೊಂದು ಗಂಟು ಅಡಗಿರಬಹುದು. ನೋವು ಅಂತ ಮನೆಯಲ್ಲಿರುವ ಐಬುಪ್ರೊಫೇನ್ ಮಾತ್ರೆ ಕೊಡಲೇಬೇಡಿ, ಹೊಟ್ಟೆಯಲ್ಲಿ ಹುಣ್ಣಾಗುತ್ತದೆ.

ಆಪರೇಷನ್‌ಗೆ ಮುಂಚೆ ಎದೆಯ ಎಕ್ಸ್‌ರೇ ಮತ್ತು ರಕ್ತಪರೀಕ್ಷೆ ಕೇಳಿ. ನಿಮ್ಮೂರಲ್ಲಿ ಆಗದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. 9 ವರ್ಷ ಅಂತ ಹಿಂಜರಿಯಬೇಡಿ. ವಯಸ್ಸಿಗಿಂತ ಹೃದಯ, ಕಿಡ್ನಿ ಹೇಗಿವೆ ಅನ್ನುವುದು ಮುಖ್ಯ. ಇನ್ನೊಂದು ಮಾತು, ತೆಗೆದ ಗಂಟನ್ನು ಸುಮ್ನೆ ಕಸದ ಬುಟ್ಟಿಗೆ ಹಾಕಲು ಬಿಡಬೇಡಿ. ಕ್ಯಾನ್ಸರ್ ಹೌದೋ ಅಲ್ಲವೋ ಅಂತ ನೋಡುವ ಬಯಾಪ್ಸಿಗೆ ಕಳಿಸಿ. ರಿಪೋರ್ಟ್ ಬಂದಾಗ ನಮಗೂ ಒಂದು ಸಾಲು ಬರೆಯಿರಿ.

– ಸಂ.