ಸಂಪಾದಕರ ಉತ್ತರ: ಬಳ್ಳಾರಿಯವರು ತುವಾಲುವಿಗಾಗಿ ಪ್ರಾರ್ಥಿಸುವುದೇಕೆ?

ಕಳೆದ ಸಂಚಿಕೆಯ ಪ್ರಾರ್ಥನಾ ಪುಟವನ್ನು ಓದಿ ಬಳ್ಳಾರಿಯ ನಿವೃತ್ತ ಶಿಕ್ಷಕರೊಬ್ಬರು ದೀರ್ಘವಾದ ಪತ್ರ ಬರೆದಿದ್ದಾರೆ. ಅದರ ಸಾರ ಹೀಗಿದೆ: ಪೆಸಿಫಿಕ್ ಸಾಗರದ ತುವಾಲು, ಕಿರಿಬಾಟಿ, ಸೊಲೊಮನ್ ದ್ವೀಪಗಳಿಗಾಗಿ ವಾರಕ್ಕೊಂದರಂತೆ ಪ್ರಾರ್ಥಿಸಬೇಕೆಂದು ಪತ್ರಿಕೆ ಕೇಳಿಕೊಂಡಿದೆ, ಆದರೆ ಅಲ್ಲಿ ಹೆಚ್ಚುಕಡಿಮೆ ಎಲ್ಲರೂ ಕ್ರೈಸ್ತರೇ, ಅವರಿಗೆ ಹಿಂಸೆಯೂ ಇಲ್ಲ, ಉಪದ್ರವವೂ ಇಲ್ಲ, ಇತ್ತ ತಮ್ಮ ಸುತ್ತಲಿನ ಹಳ್ಳಿಗಳಲ್ಲಿ ಮೂರು ಸಭೆಗಳಿಗೆ ಒಬ್ಬರೇ ಸಭಾಪಾಲಕರಿದ್ದು, ಯುವಕರೆಲ್ಲ ಬೆಂಗಳೂರು ಸೇರಿದ್ದಾರೆ. ಸ್ವಂತ ಮನೆಯ ಮಾಡು ಸೋರುತ್ತಿರುವಾಗ ಊರಾಚೆಯ ಛತ್ರಕ್ಕೆ ಹೆಂಚು ಹೊದಿಸುವುದು ಯಾವ ವಿವೇಕ ಎಂದು ಕೇಳಿದ್ದಾರೆ. ಕೊನೆಯಲ್ಲಿ, ಈ ಪ್ರಾರ್ಥನೆಯ ಬೆನ್ನಿಗೇ ಕಾಣಿಕೆಯ ಲಕೋಟೆಯೂ ಬರುತ್ತದೆಯೇ ಎಂಬ ಸಂಶಯವನ್ನೂ ಸೇರಿಸಿದ್ದಾರೆ.

ಗುರುಗಳೇ, ತಮ್ಮ ದೂರಿನಲ್ಲಿ ನ್ಯಾಯವಿದೆ. ಸಭಾಪಾಲಕರಿಲ್ಲದ ಸಭೆಗಳ ಕಷ್ಟವನ್ನು ಈ ಪತ್ರಿಕೆ ಇನ್ನೂ ಹೆಚ್ಚಾಗಿ ಬರೆಯಬೇಕು, ಬರೆಯುತ್ತೇವೆ. ಅಷ್ಟನ್ನು ಒಪ್ಪಿಕೊಂಡ ಮೇಲೆ ಉಳಿದದ್ದರ ಬಗ್ಗೆ ತಮ್ಮೊಡನೆ ಜಗಳವಾಡಲು ಅಪ್ಪಣೆ ಕೊಡಿ. ತಾವು ಬಳ್ಳಾರಿಯವರಾದ್ದರಿಂದ ಸ್ವಲ್ಪ ಹೆಚ್ಚಾಗಿಯೇ ಜಗಳವಾಡುತ್ತೇನೆ.

1795ರಲ್ಲಿ ಸ್ಥಾಪನೆಯಾದ ಲಂಡನ್ ಮಿಷನ್ ಎಂಬ ಇಂಗ್ಲೆಂಡಿನ ಮಿಷನರಿ ಸಂಘ ತನ್ನ ಮೊದಲ ತಂಡವನ್ನು ಕಳಿಸಿದ್ದು ಭಾರತಕ್ಕಲ್ಲ, ಪೆಸಿಫಿಕ್ ಸಾಗರದ ದ್ವೀಪಗಳಿಗೆ. 'ಡಫ್' ಎಂಬ ಹಡಗು 1797ರ ಮಾರ್ಚ್ ತಿಂಗಳಲ್ಲಿ ಟಹೀಟಿಯನ್ನು ಮುಟ್ಟಿತು. ಅದೇ ಮಿಷನ್ನಿನ ಜಾನ್ ಹ್ಯಾಂಡ್ಸ್ ತಮ್ಮೂರಿಗೆ ಬಂದದ್ದು 1810ರಲ್ಲಿ. ಹ್ಯಾಂಡ್ಸ್ ಮತ್ತು ಅವರ ಜೊತೆಗಾರರು ಕನ್ನಡ ಸತ್ಯವೇದವನ್ನು ಬಳ್ಳಾರಿಯಲ್ಲಿ ಪೂರ್ತಿಗೊಳಿಸುತ್ತಿದ್ದ ವರ್ಷಗಳಲ್ಲೇ, 1830ರಲ್ಲಿ, ಅದೇ ಮಿಷನ್ನಿನ ಜಾನ್ ವಿಲಿಯಮ್ಸ್ ಪೆಸಿಫಿಕ್‌ನ ಸಮೋವಾದಲ್ಲಿ ಇಳಿದರು. ಮಿಷನ್ನಿನ ವರದಿಗಳಲ್ಲಿ ಬಳ್ಳಾರಿಯ ಸುದ್ದಿಯೂ ಟಹೀಟಿಯ ಸುದ್ದಿಯೂ ಒಂದೇ ಹೊತ್ತಗೆಯೊಳಗೆ ಅಚ್ಚಾಗುತ್ತಿದ್ದವು. ಅದನ್ನು ಓದಿ ನಮ್ಮ ಅಜ್ಜ ಮುತ್ತಜ್ಜಂದಿರಿಗಾಗಿ ಮೊಣಕಾಲೂರಿದವರು ಬಳ್ಳಾರಿಯನ್ನು ಕಂಡವರಲ್ಲ. ಅವರಲ್ಲಿ ಎಷ್ಟೋ ಮಂದಿಯ ಮಾಡೂ ಸೋರುತ್ತಿದ್ದಿರಬೇಕು. ಆ ನಂಟು ಇಂದಿಗೂ ಹರಿದಿಲ್ಲ. ಲಂಡನ್ ಮಿಷನ್ನಿನ ಉತ್ತರಾಧಿಕಾರಿಯಾಗಿ 1977ರಲ್ಲಿ ರೂಪುಗೊಂಡ ಕೌನ್ಸಿಲ್ ಫಾರ್ ವರ್ಲ್ಡ್ ಮಿಷನ್‌ನಲ್ಲಿ ನಮ್ಮ ಸಿಎಸ್‌ಐ (ದಕ್ಷಿಣ ಭಾರತ) ಸಭೆಯೂ ತುವಾಲುವಿನ ಸಭೆಯೂ ಸದಸ್ಯರಾಗಿವೆ. ತಾವು ಛತ್ರವೆಂದದ್ದು ದಾಯಾದಿಗಳ ಮನೆ, ಗುರುಗಳೇ.

ಈಗ ತುವಾಲುವಿನ ವಿಷಯ. ಒಂಬತ್ತು ದ್ವೀಪಗಳು, ಎಲ್ಲ ಸೇರಿ ಸುಮಾರು 26 ಚದರ ಕಿಲೋಮೀಟರ್ ನೆಲ, ಹನ್ನೊಂದು ಸಾವಿರದ ಆಸುಪಾಸಿನ ಜನ. ಅಲ್ಲಿಗೆ ಸುವಾರ್ತೆಯನ್ನು ಮೊದಲು ತಂದವರು ಬಿಳಿಯರಲ್ಲ. ಕುಕ್ ದ್ವೀಪಗಳ ಮನಿಹಿಕಿ ಎಂಬಲ್ಲಿನ ಎಲೆಕಾನಾ ಎಂಬ ಸಭಾಸೇವಕರು 1861ರಲ್ಲಿ ಕೆಲವರೊಡನೆ ದೋಣಿಯಲ್ಲಿ ಹೊರಟು, ಬಿರುಗಾಳಿಗೆ ದಿಕ್ಕು ತಪ್ಪಿ, ಎಂಟು ವಾರಗಳ ಕಾಲ ಸಮುದ್ರದ ಮೇಲೆ ತೇಲಿ, ಬದುಕಿ ಉಳಿದವರೊಡನೆ ನುಕುಲಾಯೆಲಾಯೆ ದ್ವೀಪದ ದಡಕ್ಕೆ ಬಿದ್ದರು. ಅಲ್ಲಿನ ಜನ ಅವರನ್ನು ಉಪಚರಿಸಿದರು, ಅವರು ಜನರಿಗೆ ಕಲಿಸಿದರು. ಮುಂದೆ ಸಮೋವಾದ ಮಾಲುವಾ ದೇವಜ್ಞಾನ ಶಾಲೆಯಲ್ಲಿ ತರಬೇತಿ ಪಡೆದು 1865ರಲ್ಲಿ ಆ ದ್ವೀಪಗಳಿಗೆ ಮರಳಿ ಬಂದರು. ಪೆಸಿಫಿಕ್‌ನ ಸಭಾಚರಿತ್ರೆಯಲ್ಲಿ ಇಂಥವರು ಬಹಳ. ಪಪೆಯಿಹಾ ಎಂಬ ದ್ವೀಪವಾಸಿ ಕುಕ್ ದ್ವೀಪಗಳ ರಾರೊಟೊಂಗಾದಲ್ಲಿ ಇಳಿದದ್ದು 1823ರಲ್ಲಿ. ಅವರ ಸೇವೆಯಿಂದ ಹುಟ್ಟಿದ ಸಭೆಯ ಮಕ್ಕಳು ಮುಂದೆ ಪಪುವಾದವರೆಗೆ ಹೋಗಿ, ಮಲೇರಿಯಾದಿಂದ ಒಬ್ಬರಾದ ಮೇಲೊಬ್ಬರು ಸತ್ತರೂ, ಹೋಗುವುದನ್ನು ನಿಲ್ಲಿಸಲಿಲ್ಲ. ಮಿಷನರಿಗಳ ಜೀವನಚರಿತ್ರೆಗಳನ್ನು ನಮ್ಮ ಭಾನುವಾರದ ಶಾಲೆಗಳಲ್ಲಿ ಕಥೆಯಾಗಿ ಹೇಳುತ್ತೇವೆ. ಎಲೆಕಾನಾ, ಪಪೆಯಿಹಾ ಎಂಬ ಹೆಸರುಗಳನ್ನು ಎಷ್ಟು ಮಕ್ಕಳು ಕೇಳಿದ್ದಾರೆ?

ಎಲೆಕಾನಾ ಹೋಗಿ ಬರುವ ನಡುವೆ, 1863ರಲ್ಲಿ, ಪೆರು ದೇಶದ ಗುಲಾಮ ವ್ಯಾಪಾರಿಗಳ ಹಡಗುಗಳು ನುಕುಲಾಯೆಲಾಯೆಗೂ ತುವಾಲುವಿನ ಇನ್ನೊಂದು ದ್ವೀಪವಾದ ಫುನಫುಟಿಗೂ ಬಂದವು. ಎಣ್ಣೆ ತೆಗೆಯುವ ಕೆಲಸ ಕೊಡುತ್ತೇವೆ, ಜೊತೆಗೆ ದೇವರ ವಿಷಯವನ್ನೂ ಕಲಿಸುತ್ತೇವೆ ಎಂದು ನಂಬಿಸಿ ನೂರಾರು ಜನರನ್ನು ಹತ್ತಿಸಿಕೊಂಡು ಹೋದವು. ಹಿಂತಿರುಗಿದವರು ಇಲ್ಲವೆನ್ನುವಷ್ಟು ಕಡಿಮೆ. ದೇವರ ಹೆಸರು ಹೇಳಿ ಊರನ್ನೇ ಬರಿದು ಮಾಡಿದ ಮೇಲೆ, ಉಳಿದವರು ಅದೇ ದೇವರ ವಾಕ್ಯವನ್ನು ಕೇಳಲು ಮತ್ತೆ ಕುಳಿತರು. ಅವರು ಕುಳಿತದ್ದು ಏಕೆಂದು ನಾನು ಅನೇಕ ಸಲ ಯೋಚಿಸಿದ್ದೇನೆ.

ಇದು ಹಳೆಯ ಕಾಲದ ಕಥೆಯೆಂದು ತಳ್ಳಿಹಾಕುವಂತಿಲ್ಲ. 1946ರ ಫೆಬ್ರವರಿಯ ಒಂದು ಭಾನುವಾರ, ಮಾರ್ಷಲ್ ದ್ವೀಪಸಮೂಹದ ಬಿಕಿನಿಯ ಜನ ಆರಾಧನೆ ಮುಗಿಸಿ ಹೊರಬಂದಾಗ, ಅಮೆರಿಕದ ನೌಕಾಧಿಕಾರಿ ಬೆನ್ ವ್ಯಾಟ್ ಅವರನ್ನು ಕೂರಿಸಿ, ಮನುಕುಲದ ಒಳಿತಿಗಾಗಿ, ಅಣುಬಾಂಬ್ ಪರೀಕ್ಷೆಗೆಂದು, ದ್ವೀಪವನ್ನು ತಾತ್ಕಾಲಿಕವಾಗಿ ಬಿಟ್ಟುಕೊಡಬೇಕೆಂದು ಕೇಳಿದರು. ಕರ್ತನು ವಾಗ್ದಾನದ ದೇಶಕ್ಕೆ ನಡೆಸಿಕೊಂಡು ಹೋದ ಇಸ್ರಾಯೇಲ್ಯರಿಗೆ ಅವರನ್ನು ಹೋಲಿಸಿದರು. ಎಲ್ಲವೂ ದೇವರ ಕೈಯಲ್ಲಿದೆ ಎಂದು ಅವರ ನಾಯಕ ಜೂಡಾ ಉತ್ತರಿಸಿದರು. 167 ಜನ ಹಡಗು ಹತ್ತಿದರು. ಅವರನ್ನು ಇಳಿಸಿದ ರೊಂಗೆರಿಕ್ ದ್ವೀಪದಲ್ಲಿ ಹೊಟ್ಟೆ ತುಂಬುವಷ್ಟು ಆಹಾರವಿರಲಿಲ್ಲ. ಮಾರ್ಷಲ್ ದ್ವೀಪಗಳಲ್ಲಿ 1958ರವರೆಗೆ 67 ಅಣು ಪರೀಕ್ಷೆಗಳು ನಡೆದವು; ಬಿಕಿನಿಯ ವಂಶಸ್ಥರು ಇಂದಿಗೂ ಪರಸ್ಥಳದಲ್ಲಿದ್ದಾರೆ. ವಿಮೋಚನಕಾಂಡವನ್ನು ತಲೆಕೆಳಗು ಮಾಡಿ ಓದಿದ್ದಕ್ಕೆ ಇದಕ್ಕಿಂತ ಕ್ರೂರವಾದ ಉದಾಹರಣೆ ನನ್ನ ಓದಿನಲ್ಲಿ ಸಿಕ್ಕಿಲ್ಲ. ಅಲ್ಲಿ ಉಪದ್ರವವಿಲ್ಲ ಎಂದು ತಾವು ಬರೆದಿರಿ. ಉಪದ್ರವವೆಂದರೆ ಚರ್ಚಿನ ಮೇಲೆ ಕಲ್ಲು ಬೀಳುವುದು ಮಾತ್ರವೇ?

ಸೊಲೊಮನ್ ದ್ವೀಪಗಳದು ಇನ್ನೊಂದು ಬಗೆ. ಪೊಲೀಸ್ ಕೆಲಸ ಬಿಟ್ಟು ಬಂದ ಇನಿ ಕೊಪುರಿಯಾ ಎಂಬವರು 1925ರಲ್ಲಿ ಕಟ್ಟಿದ ಮೆಲನೇಷಿಯನ್ ಸಹೋದರರ ಸಂಘವೆಂಬ ಆಂಗ್ಲಿಕನ್ ಸನ್ಯಾಸಿ ಕೂಟವು, ಜನಾಂಗೀಯ ಕಲಹದ ವರ್ಷಗಳಲ್ಲಿ ಎರಡೂ ಕಡೆಯವರಿಂದ ಬಂದೂಕುಗಳನ್ನು ಸಂಗ್ರಹಿಸಿ ಸಮುದ್ರಕ್ಕೆ ಎಸೆಯುತ್ತಿತ್ತು. 2003ರಲ್ಲಿ ಒಬ್ಬ ಸಹೋದರನನ್ನು ದಂಗೆಕೋರರು ಹಿಡಿದು ಕೊಂದರು, ಅವನನ್ನು ಹುಡುಕಿಕೊಂಡು ಆರು ಮಂದಿ ಹೋದರು, ಅವರನ್ನೂ ಕೊಂದರು. ಕೊಂದವರೂ ಕ್ರೈಸ್ತರೇ ಆಗಿದ್ದರು ಎಂಬುದನ್ನು ಇಲ್ಲಿ ಹೇಳಲೇಬೇಕು. ದ್ವೀಪಗಳ ಸಭೆಗಳು ದೇವದೂತರ ಕೂಟಗಳಲ್ಲ. 1987ರಲ್ಲಿ ಫಿಜಿಯಲ್ಲಿ ಕ್ಷಿಪ್ರಕ್ರಾಂತಿ ನಡೆದು, ಭಾನುವಾರದ ಆಚರಣೆಯನ್ನು ಬಲವಂತವಾಗಿ ಹೇರಿದಾಗ, ನಮ್ಮ ದೇಶದಿಂದ ಕಬ್ಬಿನ ಗದ್ದೆಗಳಿಗೆ ಹೋದ ಕೂಲಿಗಳ ಮೊಮ್ಮಕ್ಕಳಾದ ಹಿಂದೂಗಳೂ ಮುಸಲ್ಮಾನರೂ ಭಯದಲ್ಲಿ ಬದುಕಬೇಕಾಯಿತು. ಎಲ್ಲರೂ ಕ್ರೈಸ್ತರೇ ಆಗಿರುವ ಊರಿಗೆ ಪ್ರಾರ್ಥನೆ ಬೇಡವೆನ್ನುವವರು ಇದನ್ನು ನೆನೆಯಬೇಕು. ಪೌಲನ ಪತ್ರಗಳನ್ನೇ ತೆರೆದು ನೋಡಿ: ಅವನ ಪ್ರಾರ್ಥನೆಗಳಲ್ಲಿ ಹೆಚ್ಚಿನವು ಈಗಾಗಲೇ ನಂಬಿದವರಿಗಾಗಿ. ಕೊಲೊಸ್ಸೆಯವರಿಗೆ ಬರೆಯುವಾಗಲಂತೂ, ತನ್ನ ಮುಖವನ್ನೇ ನೋಡದವರಿಗಾಗಿ ತಾನು ಎಷ್ಟು ಹೋರಾಡುತ್ತಿದ್ದೇನೆಂದು ತಿಳಿಸುತ್ತಾನೆ. ಬರೆದದ್ದು ಸೆರೆಯಿಂದ, ಅವನಿಗೂ ಹತ್ತಿರದ ಕಷ್ಟಗಳು ಬೇಕಾದಷ್ಟಿದ್ದವು.

ಸಮುದ್ರ ಏರುತ್ತಿರುವ ವಿಚಾರ ತಮಗೆ ತಿಳಿದೇ ಇದೆ. ತಿಳಿದಿರಲಾರದ ಒಂದು ಸಂಗತಿಯೆಂದರೆ, ತುವಾಲುವಿನ ಹಿರಿಯ ವಿಶ್ವಾಸಿಗಳಲ್ಲಿ ಕೆಲವರು, ಇನ್ನು ಮುಂದೆ ಜಲಪ್ರಳಯವಾಗದೆಂದು ದೇವರು ನೋಹನಿಗೆ ಮಾತು ಕೊಟ್ಟಿರುವಾಗ ನಾವು ಮುಳುಗುವುದು ಹೇಗೆ ಎಂದು ಕೇಳುತ್ತಾರೆ. ಇದನ್ನು ಕೇಳಿ ನಗುವ ವಿದ್ಯಾವಂತರು ಇದ್ದಾರೆ. ನನಗೆ ನಗು ಬರುವುದಿಲ್ಲ. ಗೆಡ್ಡೆ ಬೆಳೆಯುವ ಗುಂಡಿಗಳಿಗೆ ಉಪ್ಪುನೀರು ನುಗ್ಗುವುದನ್ನು ಕಣ್ಣಾರೆ ಕಂಡವರಿಗೆ ಆದಿಕಾಂಡದ 9ನೇ ಅಧ್ಯಾಯವನ್ನು ಬೋಧಿಸಬೇಕಾದ ಸಭಾಪಾಲಕರ ಸ್ಥಿತಿಯನ್ನು ಊಹಿಸಿಕೊಳ್ಳಿ. ಪೆಸಿಫಿಕ್‌ನ ಸಭೆಗಳು ಆ ಪ್ರಶ್ನೆಗೆ ಬೆನ್ನು ತಿರುಗಿಸಲಿಲ್ಲ. 2004ರಲ್ಲಿಯೇ ಕಿರಿಬಾಟಿಯ ತರಾವಾದಲ್ಲಿ ಸೇರಿ, ಮನುಷ್ಯರು ತಂದ ಹವಾಮಾನ ಬದಲಾವಣೆಯು ತಮ್ಮ ಬದುಕಿಗೇ ಕುತ್ತೆಂದು ಘೋಷಿಸಿ, ಲೋಕದ ಸಭೆಗಳು ತಮ್ಮ ಜೊತೆ ನಿಲ್ಲಬೇಕೆಂದು ಕೇಳಿಕೊಂಡವು. ಹತ್ತು ವರ್ಷಗಳ ಬಳಿಕ, 2014ರಲ್ಲಿ, ಕಿರಿಬಾಟಿ ಸರ್ಕಾರ ಮುಂದಿನ ದಿನಗಳಿಗೆ ಆಸರೆಯಾಗಲೆಂದು ಫಿಜಿಯಲ್ಲಿ 5,000 ಎಕರೆಗೂ ಹೆಚ್ಚು ಭೂಮಿಯನ್ನು ಕೊಂಡುಕೊಂಡಿತು. ಮಾರಿದವರು ಯಾರು ಬಲ್ಲಿರಾ? ಚರ್ಚ್ ಆಫ್ ಇಂಗ್ಲೆಂಡ್. ದಾನ ಕೊಡಲಿಲ್ಲ, ಮಾರಿತು.

ಇನ್ನು ನನ್ನ ಹಳೆಯ ಗೋಳು. ಪತ್ರಿಕೆಯ ಓದುಗರು ಇದನ್ನು ಮೊದಲೂ ಕೇಳಿದ್ದೀರಿ. ನಮ್ಮ ಆರಾಧನೆಯಲ್ಲಿ ವಿಜ್ಞಾಪನೆಯ, ಅಂದರೆ ಇತರರಿಗಾಗಿ ಬೇಡಿಕೊಳ್ಳುವ, ಭಾಗ ಬಡವಾಗಿದೆ. ಪ್ರಾರ್ಥನಾ ಚೀಟಿಗಳಲ್ಲಿ ವೀಸಾ, ಪರೀಕ್ಷೆ, ಮದುವೆ, ಮೊಣಕಾಲಿನ ಶಸ್ತ್ರಚಿಕಿತ್ಸೆ; ಇವು ಬೇಡವೆನ್ನುತ್ತಿಲ್ಲ, ದೇವರ ಮುಂದೆ ಯಾವುದೂ ಚಿಕ್ಕದಲ್ಲ. ಆದರೆ ಅವೆಲ್ಲವನ್ನೂ ಹೆಸರು ಹಿಡಿದು ಓದಿದ ಮೇಲೆ 'ಲೋಕದ ಎಲ್ಲಾ ದೇಶಗಳನ್ನೂ ಆಶೀರ್ವದಿಸು' ಎಂದು ಒಂದೇ ಉಸಿರಿಗೆ ಮುಗಿಸಿ ಆಮೆನ್ ಎನ್ನುತ್ತೇವೆ. ಅಮೆರಿಕದ ಟಿವಿ ಬೋಧಕರ ಮನೆ, ಕಾರು, ವಿಚ್ಛೇದನಗಳ ವಿವರ ನಮ್ಮ ಸಭಿಕರಿಗೆ ಗೊತ್ತು. ಸಂಜೆ ಗಂಟೆಯಾದೊಡನೆ ಊರಿಗೆ ಊರೇ ಕೆಲಸ ನಿಲ್ಲಿಸಿ ಮನೆ ಮನೆಯಲ್ಲೂ ಕುಟುಂಬ ಪ್ರಾರ್ಥನೆಗೆ ಕೂರುವ ಸಮೋವಾದ ಹಳ್ಳಿಗಳ ಸುದ್ದಿ ಯಾರಿಗೂ ಬೇಡ. ಈ ವಿಷಯದಲ್ಲಿ ನಮಗಿಂತ ಮುಂದಿರುವವರು ನಮ್ಮ ಮಹಿಳಾ ಅನ್ಯೋನ್ಯ ಕೂಟದ ತಾಯಂದಿರು. ಮಾರ್ಚ್ ತಿಂಗಳ ಮೊದಲ ಶುಕ್ರವಾರದ ವಿಶ್ವ ಪ್ರಾರ್ಥನಾ ದಿನಕ್ಕೆ 2021ರಲ್ಲಿ ವನುವಾಟುವಿನ, 2025ರಲ್ಲಿ ಕುಕ್ ದ್ವೀಪಗಳ ಸ್ತ್ರೀಯರು ಆರಾಧನಾ ಕ್ರಮವನ್ನು ಬರೆದುಕೊಟ್ಟಿದ್ದರು. ಆ ದೇಶ ಎಲ್ಲಿದೆ, ಅಲ್ಲಿನ ತಾಯಂದಿರ ಕಷ್ಟವೇನು ಎಂದು ತಿಳಿದುಕೊಂಡು ಪ್ರಾರ್ಥಿಸುವ ಶಿಸ್ತು ಅವರಲ್ಲಿದೆ. ಅಂದು ಗಂಡಸರ ಬೆಂಚುಗಳು ಖಾಲಿಯಿರುತ್ತವೆ. ತಾವು ಹೋಗಿದ್ದಿರೇ, ಗುರುಗಳೇ? ತಮ್ಮಂಥ ಓದಿದವರು ಭೂಪಟ ಹಿಡಿದು ಸಭೆಯ ಮುಂದೆ ಹತ್ತು ನಿಮಿಷ ನಿಂತರೆ ಈ ಪುಟದ ಅರ್ಧ ಕೆಲಸ ಆದಂತೆಯೇ.

ಕೊನೆಗೆ ಲಕೋಟೆಯ ಸಂಶಯ. ಲಕೋಟೆ ಬರುವುದಿಲ್ಲ. ಪೆಸಿಫಿಕ್‌ನ ಯಾವ ಸಭೆಯೂ ನಮ್ಮನ್ನು ಹಣ ಕೇಳಿಲ್ಲ. ಬದಲಿಗೆ ತಮ್ಮಿಂದ ಒಂದು ಕಾಗದ ಬರಲಿ: ಒಬ್ಬರೇ ಸಭಾಪಾಲಕರಿರುವ ಆ ಮೂರು ಸಭೆಗಳ ಹೆಸರು, ಊರು, ಅಲ್ಲಿ ಆರಾಧನೆ ಯಾವ ವಾರ ನಡೆಯುತ್ತದೆ, ಯಾವ ವಾರ ತಪ್ಪುತ್ತದೆ ಎಂಬ ವಿವರ. ಮುಂದಿನ ಸಂಚಿಕೆಯ ಪ್ರಾರ್ಥನಾ ಪುಟದಲ್ಲಿ ಕುಕ್ ದ್ವೀಪಗಳ ಕೆಳಗೆ ಅವುಗಳನ್ನೂ ಅಚ್ಚು ಹಾಕುತ್ತೇವೆ. ತಿಂಗಳ ಹದಿನೈದನೆಯ ತಾರೀಖಿನೊಳಗೆ ನಮ್ಮ ಕೈಸೇರುವಂತೆ ಬರೆಯಿರಿ.